ಕೆಳಮನೆಯ ಲಿಂಕು

ಹೈದರಾಬಾದಿನ ನಮ್ಮ ಮಲ್ಕಾಜ್‌ಗಿರಿ ಮನೆಯ ಕೆಳಗಿನ ಕೋಣೆ ಖಾಲಿಯಾಗಿ ಆರು ತಿಂಗಳಾಯಿತು. ಅದನ್ನು ಖಾಲಿ ಮಾಡಿಸಿದವಳು ನಾನು. ಮನೆಯ ಮಾಲೀಕರಲ್ಲ, ಅಲ್ಲಿದ್ದವಳ ಊರಿನಿಂದ ಬಂದ ಭಾವನೂ ಅಲ್ಲ. ‘ನಿನ್ನದೇನು ತಪ್ಪು, ಸುಮ್ಮನಿರು’ ಎಂದು ಹೇಳಿ ಹೇಳಿ ಸಾಕಾಗಿ ಈಗ ನಮ್ಮ ಯಜಮಾನರೇ ಸುಮ್ಮನಾಗಿದ್ದಾರೆ. ನೀರಿನ ಮೋಟರ್ ಹಾಕಲು ದಿನಕ್ಕೆರಡು ಸಲ ಆ ಬಾಗಿಲ ಮುಂದೆಯೇ ಹಾಯಬೇಕು. ಬೀಗ ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ಅಲ್ಲಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ರಾಯಚೂರು ಕಡೆಯವಳು, ನನಗಿಂತ ಎಂಟು ವರ್ಷ ದೊಡ್ಡವಳು, ಮಕ್ಕಳಿಲ್ಲ. ಗಂಡ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ದುಡಿದವನು. ಒಂದು ಮಧ್ಯಾಹ್ನ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಪೆನ್ಷನ್ ಇಲ್ಲ, ಗಿನ್ಷನ್ ಇಲ್ಲ. ಅಕ್ಕ ಜೋಳದ ರೊಟ್ಟಿ ಬಡಿದು ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ಮಾರತೊಡಗಿದಳು. ಅದರಲ್ಲಿ ಅವಳ ಊಟ ನಡೆಯುತ್ತಿತ್ತು, ಅರ್ಧ ಬಾಡಿಗೆ ಹುಟ್ಟುತ್ತಿತ್ತು. ಉಳಿದರ್ಧ ಹುಟ್ಟುತ್ತಿರಲಿಲ್ಲ.

ವರ್ಷಾಂತಿಕಕ್ಕೆ ಬಂದಿದ್ದ ಭಾವ, ಅಂದರೆ ಅವಳ ಗಂಡನ ಅಣ್ಣ, ರಾಯಚೂರಿಗೆ ಕರೆದರು. ಅವರದು ಹನ್ನೊಂದು ಮಂದಿಯ ಮನೆ. “ನೀ ಒಬ್ಬಾಕಿ ನಮಗ ಭಾರ ಆಗ್ತೀಯೇನವಾ? ಬಾ” ಎಂದರು. ಕೆಟ್ಟ ಮನುಷ್ಯರಲ್ಲ. ಆದರೆ ಮದುವೆಯಾದ ಹೊಸದರಲ್ಲಿ ನಾಲ್ಕು ವರ್ಷ ಅಲ್ಲಿದ್ದ ಅಕ್ಕನಿಗೆ ಆ ಮನೆ ಚೆನ್ನಾಗಿ ಗೊತ್ತು. ಕೊಡ ಹೊತ್ತು, ಹಿಟ್ಟು ನಾದಿ ಅವಳ ಸೊಂಟ ಹಿಡಿದದ್ದೇ ಅಲ್ಲಿ. “ಮತ್ತ ಆ ಅಡಗಿಮನಿ ಹೊಕ್ಕರ ನಾ ಹೊರಗ ಬರೂದು ಹೆಣ ಆಗೇ ಟೀಚರ್ರೀ” ಎಂದು ನನ್ನ ಮುಂದೆ ಕೂತು ಅತ್ತಳು. ಭಾವನ ಹತ್ತಿರ ದಸರೆಯವರೆಗೆ ಗಡುವು ಕೇಳಿದಳು. ಅಷ್ಟರೊಳಗೆ ತನ್ನ ಸ್ವಂತ ದುಡಿಮೆಯಲ್ಲಿ ಬಾಡಿಗೆ ಕಟ್ಟುವುದನ್ನು ತೋರಿಸಿದರೆ ಅವರು ಇನ್ನು ಆ ಮಾತು ಎತ್ತುವುದಿಲ್ಲ. ತೋರಿಸಲಾಗದಿದ್ದರೆ ಗಂಟುಮೂಟೆ ಕಟ್ಟಬೇಕು.

ಆಗ ಜಾಣೆಯ ಹಾಗೆ ನಡುವೆ ಬಾಯಿ ಹಾಕಿದವಳು ನಾನು. ನಾನು ಕಲಿಸುತ್ತಿದ್ದ ಖಾಸಗಿ ಶಾಲೆ ಮುಚ್ಚಿದ ಮೇಲೆ ಒಂದು ವೆಬ್‌ಸೈಟ್ ಮಾಡಿಕೊಂಡಿದ್ದೆ. ಯಾವ ಮಿಕ್ಸರ್ ಶೇಂಗಾ ಚಟ್ನಿಗೆ ಒಳ್ಳೆಯದು, ಯಾವ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತದೆ ಎಂದೆಲ್ಲ ಬರೆದು, ಕೆಳಗೆ ಆನ್‌ಲೈನ್ ಅಂಗಡಿಯ ಲಿಂಕ್ ಕೊಡುತ್ತಿದ್ದೆ. ಅದನ್ನು ಒತ್ತಿ ಹೋಗಿ ಯಾರಾದರೂ ಕೊಂಡರೆ ಅಂಗಡಿಯವರು ನನಗೆ ನೂರಕ್ಕೆ ನಾಲ್ಕೋ ಐದೋ ರೂಪಾಯಿ ಕಮಿಷನ್ ಕೊಡುತ್ತಾರೆ. ಕೊಂಡವರಿಗೆ ಒಂದು ಪೈಸೆಯೂ ಹೆಚ್ಚಾಗುವುದಿಲ್ಲ.

ಹೇಳುವುದಕ್ಕೆ ಸುಲಭ, ಲೆಕ್ಕ ಇಡುವುದು ಸುಡುಗಾಡು. ನನ್ನವು ನಾಲ್ಕು ಅಂಗಡಿ: ಪಾತ್ರೆ ಪಡಗ ಮತ್ತು ಮನೆಸಾಮಾನಿನದು ದೊಡ್ಡದು, ಆಮೇಲೆ ಬಟ್ಟೆಯದು, ಪುಸ್ತಕದ್ದು, ಔಷಧದ್ದು. ಒಂದು ಅಂಗಡಿಯವರು ಗಿರಾಕಿ ಲಿಂಕ್ ಒತ್ತಿದ ದಿನವೇ ಕೊಂಡರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಇನ್ನೊಬ್ಬರು ತಿಂಗಳು ಕಾಯುತ್ತಾರೆ. ಇಂದು ಬಂದ ಕಮಿಷನ್ ಎರಡು ತಿಂಗಳು ‘ಬಾಕಿ’ ಎಂದೇ ಕೂತಿರುತ್ತದೆ. ಸಾಮಾನು ವಾಪಸ್ ಹೋದರೆ ಅದೂ ಹೋಯಿತು. ನಾಲ್ಕೂ ಕಡೆಯ ವರದಿ ತೆಗೆದು ನಾನು ಒಂದು ಉದ್ದನೆಯ ರೂಲು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ತಿಂಗಳಿಗೆ ಸಿಗುತ್ತಿದ್ದದ್ದು ಕರೆಂಟ್ ಬಿಲ್ಲಿಗೆ ಸಾಕು, ಅಷ್ಟೇ. ಆದರೂ ನನ್ನದೇ ದುಡಿಮೆ ಎಂಬ ಜಂಬ ಇತ್ತು.

ಅಕ್ಕನ ಹೆಸರಿನಲ್ಲಿ ದೊಡ್ಡ ಅಂಗಡಿಯಲ್ಲಿ ಒಂದು ಖಾತೆ ತೆರೆದೆ. ನಮ್ಮದೊಂದು ಮಂಗಳವಾರದ ಭಜನೆಯ ಬಳಗವಿದೆ. ಎಲ್ಲ ನಮ್ಮ ಕಡೆಯ ಹೆಂಗಸರೇ, ಲಿಂಗಂಪಲ್ಲಿಯಿಂದ ಕೂಡ ರೈಲು ಹತ್ತಿ ಬರುವವರಿದ್ದಾರೆ. “ಇನ್ನು ಮೇಲೆ ಏನು ಕೊಂಡರೂ ಅಕ್ಕನ ಲಿಂಕಿನಿಂದಲೇ ಕೊಳ್ಳಿರಿ” ಎಂದು ಅಲ್ಲಿ ಹೇಳಿದೆ. ಎಲ್ಲರೂ ಹೂಂ ಎಂದರು, ಹೇಳಿದ ಹಾಗೆ ಮಾಡಿದರು ಕೂಡ. ಕುಕ್ಕರ್, ಬೆಡ್‌ಶೀಟ್, ಮೊಮ್ಮಗನ ಸೈಕಲ್ಲು. ಗಚ್ಚಿಬೌಲಿಯಲ್ಲಿ ಹೊಸ ಫ್ಲ್ಯಾಟ್ ಕೊಂಡಿದ್ದ ಒಬ್ಬರಂತೂ ಗೃಹಪ್ರವೇಶಕ್ಕೆ ಮೊದಲು ಫ್ರಿಜ್ಜು, ವಾಷಿಂಗ್ ಮಷೀನು, ಟಿ.ವಿ. ಎಲ್ಲವನ್ನೂ ಅದರಲ್ಲೇ ತರಿಸಿದರು. ಅಕ್ಕನ ಬಾಕಿ ಹದಿನೆಂಟು ಸಾವಿರ ದಾಟಿತು. ರೊಟ್ಟಿಯ ದುಡ್ಡೂ ಸೇರಿದರೆ ಆರೇಳು ತಿಂಗಳ ಬಾಡಿಗೆಗೆ ಚಿಂತೆಯಿಲ್ಲ. ಅವತ್ತು ಅಕ್ಕ ನನ್ನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಆ ಅಂಕಿಯನ್ನೇ ನೋಡುತ್ತ ಕೂತಿದ್ದಳು.

ಆಮೇಲೆ ತಲೆ ಎತ್ತಿ ಕೇಳಿದಳು, “ಟೀಚರ್ರೀ, ಯಾರು ಯಾರು ಏನೇನು ತಗೊಂಡಾರ ಅಂತ ಗೊತ್ತಾಗತೈತೇನ್ರಿ?”

“ಯಾಕ ಅಕ್ಕಾರ?”

“ಮುಯ್ಯಿ ಹಿಂದಕ್ಕ ಮಾಡಬೇಕಲ್ರಿ. ಅವರು ನನ್ನ ಸಲುವಾಗಿ ತಗೊಂಡಾರ. ಹಂಗ ಇಟಗೊಂಡ್ರ ಮೈಗೆ ಹತ್ತಂಗಿಲ್ಲ.”

ಮದುವೆಯಲ್ಲಿ, ಕುಬಸವೆನ್ನುವ ಸೀಮಂತದಲ್ಲಿ ಯಾರು ಯಾವ ಸೀರೆ, ಎಷ್ಟು ಬೆಲೆಯ ಕುಬಸದ ಖಣ ತಂದರೆಂದು ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯಕ್ಕೆ ಅಷ್ಟೇ ತೂಕದ್ದನ್ನು ಮರಳಿ ಕೊಡುವುದು ನಮ್ಮ ಮುಯ್ಯಿ. ಅದನ್ನು ಮರೆತವಳ ಮುಖ ನಮ್ಮಲ್ಲಿ ಯಾರೂ ನೋಡುವುದಿಲ್ಲ. ಅಕ್ಕ ಕೇಳಿದ್ದು ನನಗೆ ಎಷ್ಟು ಸರಿ ಎನಿಸಿತೆಂದರೆ, ಅದಕ್ಕೆಂದೇ ಲಿಂಕುಗಳ ಬಾಲಕ್ಕೆ ಒಂದೊಂದು ಮನೆಯ ಗುರುತು ಸೇರಿಸಿ ಬೇರೆ ಬೇರೆ ಮಾಡಿ ಕಳಿಸಿದೆ. ಯಾವ ಗುರುತಿನಿಂದ ಏನು ಹೋಯಿತೆಂದು ವರದಿಯಲ್ಲಿ ಬರುತ್ತದೆ. ಅಲ್ಲಿಯವರೆಗಿನದನ್ನು ಬಳಗದವರನ್ನೇ ಕೇಳಿ ತಿಳಿದುಕೊಂಡೆವು. ಉಳಿದ ಮೂರು ಅಂಗಡಿಗಳಲ್ಲಿ ನನ್ನ ಲಿಂಕಿಗೂ ಹಾಗೆಯೇ ಮಾಡಿದೆ. ಅಕ್ಕನಿಗೆ ಕಳಿಸಿದ್ದಕ್ಕೆ ‘ಕೆಳಮನೆ’ ಎಂದು ಗುರುತು.

ಪ್ರತಿ ಮಂಗಳವಾರ ಭಜನೆ ಮುಗಿಸಿ ಬಂದು ಇಬ್ಬರೂ ಪುಸ್ತಕ ಬಿಚ್ಚುತ್ತಿದ್ದೆವು. ನಾನು ವರದಿ ಓದುವುದು, ಅಕ್ಕ ಹೇಳಿದ್ದನ್ನು ಎದುರಿಗೆ ಬರೆಯುವುದು. ಕುಕ್ಕರಿಗೆ ಹದಿನೈದು ರೊಟ್ಟಿ, ಬೆಡ್‌ಶೀಟಿಗೆ ಪಾವು ಕಿಲೋ ಗುರೆಳ್ಳು ಚಟ್ನಿ, ಫ್ರಿಜ್ಜಿಗೆ ಗರಿಗರಿಯಾಗಿ ಒಣಗಿಸಿದ ನೂರು ಕಟಿರೊಟ್ಟಿ. ಆ ನೂರು ರೊಟ್ಟಿಯನ್ನು ಡಬ್ಬಿಗೆ ತುಂಬಿ ನಾವಿಬ್ಬರೂ ಎರಡು ಬಸ್ಸು ಬದಲಿಸಿ ಗಚ್ಚಿಬೌಲಿಗೆ ಹೋಗಿ ಕೊಟ್ಟು ಬಂದೆವು. ಹನ್ನೆರಡನೇ ಮಹಡಿಯ ಕಿಟಕಿಯಲ್ಲಿ ನಿಂತು ಅಕ್ಕ, “ಇಷ್ಟು ಮಂದಿ ಇರೂ ಊರಾಗ ನಂಗೊಂದು ಖೋಲಿ ಉಳದೀತಲ್ರಿ” ಎಂದು ನಕ್ಕಳು. ಆ ನಗು ನನಗೆ ಈಗ ನೆನಪಾಗಬಾರದು, ಆದರೆ ಆಗುತ್ತದೆ.

ಗಣಪತಿ ಹಬ್ಬ ಮುಗಿದ ವಾರ ದೊಡ್ಡ ಅಂಗಡಿಯಿಂದ ಅಕ್ಕನ ಖಾತೆಗೆ ಒಂದು ಮೇಲ್ ಬಂತು. ಹೊಸ ಖಾತೆಯಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಖರೀದಿಗಳು ಕಂಡಿವೆ, ಗಿರಾಕಿಗಳು ಹೇಗೆ ಬರುತ್ತಾರೆ ಎಂಬುದನ್ನು ಆಧಾರದೊಂದಿಗೆ ತಿಳಿಸಿ ಎಂದಿತ್ತು. ಇಷ್ಟೇ. ಬಳಗದ ಗುಂಪಿಗೆ ಲಿಂಕ್ ಹಾಕಿದ ಒಂದು ಮೆಸೇಜಿನ ಚಿತ್ರ ಕಳಿಸಿದ್ದರೆ ಸಾಕಾಗುತ್ತಿತ್ತೇನೋ. ನಾನು ಹಾಗೆ ಮಾಡಲಿಲ್ಲ. ಇವರು ನಮ್ಮನ್ನು ಕಳ್ಳರೆಂದುಕೊಂಡರೇ ಎಂದು ಸಿಟ್ಟು ಬಂತು. ನಮ್ಮ ವ್ಯವಹಾರ ಎಷ್ಟು ಚೊಕ್ಕ, ನೋಡಲಿ ಎಂದು ಮುಯ್ಯಿ ಪುಸ್ತಕದ ಏಳೂ ಪುಟಗಳ ಫೋಟೋ ತೆಗೆದೆ. ಯಾವ ಮನೆ, ಏನು ಕೊಂಡರು, ಅಕ್ಕ ಬದಲಿಗೆ ಏನು ಕೊಟ್ಟಳು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಬರೆದು ಜೊತೆಗೆ ಕಳಿಸಿದೆ. ಒಂದು ರೊಟ್ಟಿಯನ್ನೂ ಬಿಡಲಿಲ್ಲ.

ಮೂರನೇ ದಿನ ಉತ್ತರ ಬಂತು. ಕೊಂಡವರಿಗೆ ಬದಲಿಗೆ ಏನನ್ನೂ ಕೊಡಕೂಡದು, ಉಡುಗೊರೆಯ ಆಸೆಯಿಂದ ಆದ ಖರೀದಿಗೆ ಕಮಿಷನ್ ಇಲ್ಲ, ಇದು ನೀವು ಒಪ್ಪಿಕೊಂಡ ಷರತ್ತು. ನೀವೇ ಕಳಿಸಿದ ದಾಖಲೆಯಿಂದ ಇದು ಖಚಿತವಾಗಿದೆ. ಖಾತೆ ಮುಚ್ಚಿದೆ, ಬಾಕಿ ಮೊತ್ತ ರದ್ದು. ಒಂದೇ ಕಂಪ್ಯೂಟರಿನದೆಂದು ಆ ಅಂಗಡಿಯ ನನ್ನ ಖಾತೆಯನ್ನೂ ಮುಚ್ಚಿದ್ದರು.

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಹದಿನಾರು ವರ್ಷ ಮಕ್ಕಳ ತಲೆ ತಿಂದವಳು ನಾನು. ಆ ಷರತ್ತಿನ ಪುಟಕ್ಕೆ ಓದದೆಯೇ ‘ಒಪ್ಪಿದೆ’ ಎಂದು ಒತ್ತಿದವಳೂ ನಾನೇ. ಮುಯ್ಯಿ ಲಂಚವಲ್ಲ, ಕೊಂಡವರು ಯಾರೂ ರೊಟ್ಟಿಯ ಆಸೆಗೆ ಕೊಳ್ಳಲಿಲ್ಲ ಎಂದು ಮತ್ತೆ ಐದು ಮೇಲ್ ಬರೆದೆ. ಐದಕ್ಕೂ ಅಕ್ಷರ ಬದಲಾಗದ ಒಂದೇ ಉತ್ತರ. ಆರನೆಯದು ಬರೆಯಲು ಕೈ ಬರಲಿಲ್ಲ.

ಅಕ್ಕನಿಗೆ ಹೇಳಲು ಕೆಳಗಿಳಿದಾಗ ಅವಳು ಹಿಟ್ಟು ನಾದುತ್ತಿದ್ದಳು. ನಾನು ಹೇಳುತ್ತ ಹೋದೆ, ಅವಳ ಕೈ ನಿಲ್ಲಲೇ ಇಲ್ಲ. ಕೊನೆಗೆ, “ಮುಯ್ಯಿ ಮಾಡಿದ್ದು ತಪ್ಪಾತೇನ್ರಿ?” ಎಂದು ಕೇಳಿದಳು. ನಾನು ಅವಳ ಮುಂದೆಯೇ ಬಿಕ್ಕಿಬಿಕ್ಕಿ ಅತ್ತೆ. ಹಿಟ್ಟು ಮೆತ್ತಿದ ಕೈಯನ್ನು ದೂರ ಹಿಡಿದು, ಮೊಣಕೈಯಿಂದ ನನ್ನ ಬೆನ್ನು ಸವರಿದಳು.

ಎರಡು ತಿಂಗಳ ಬಾಡಿಗೆ ನಾವು ಕೊಡುತ್ತೇವೆ ಎಂದೆವು. ಕೇಳಲಿಲ್ಲ. “ಅದ ಮತ್ತ ಹೆಂಗ ತೀರಸಲಿ?” ಎಂದಳು. ದಸರೆಗೆ ಭಾವ ಬಂದರು. ನಮ್ಮ ಹಜಾರದಲ್ಲಿ ಚಹಾ ಕುಡಿದು, “ಎಲ್ಲಿ ತಂಗಿ, ಕಂಪ್ಯೂಟರ್‌ದಾಗಿನ ರೊಕ್ಕ ತೋರಸ್ರಿ ನೋಡೂಣು” ಎಂದರು. ಹಂಗಿಸಲಿಲ್ಲ, ನಿಜವಾಗಿಯೇ ನೋಡುವ ಮನಸ್ಸಿತ್ತು. ಅಂಥ ಖಾತೆ ಇಲ್ಲ ಎಂದು ಪರದೆಯ ಮೇಲೆ ಬಂತು. ಅವರು ಅದನ್ನು ಓದಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. “ಇರಲಿ ಬಿಡ್ರಿ. ಬಾಳ ಕಷ್ಟಪಟ್ಟೀರಿ” ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊರಡುವ ಹೊತ್ತಿಗೆ ಅಕ್ಕ ತನ್ನ ಕಬ್ಬಿಣದ ರೊಟ್ಟಿ ಹಂಚನ್ನು ತಂದು ನನ್ನ ಕೈಗಿಟ್ಟಳು. “ನನ್ನ ಸಲುವಾಗಿ ನಿಮ್ಮ ಖಾತೇನೂ ಹೋತು. ಬರಕೋರಿ” ಎಂದಳು. ಪುಸ್ತಕದಲ್ಲಿ ಅವಳೆದುರೇ ಬರೆದೆ: ಕೆಳಮನೆ, ಹಂಚು ಒಂದು.

ಆಮೇಲೆ ನಾನು ವರದಿ ನೋಡುವುದನ್ನೇ ಬಿಟ್ಟೆ. ಫೋನ್ ಮಾಡಿದಾಗಲೆಲ್ಲ ಅಕ್ಕ “ಆರಾಮ ಅದೀನ್ರಿ” ಎನ್ನುತ್ತಿದ್ದಳು, ಹಿಂದಿನಿಂದ ಪಾತ್ರೆಯ ಸದ್ದು, ಯಾರೋ ಕೂಗುವುದು. ಎರಡು ನಿಮಿಷಕ್ಕೆ ಇಡುತ್ತಿದ್ದಳು.

ಹೋದ ವಾರ ಔಷಧದ ಅಂಗಡಿಯವರು ಮೇಲ್ ಕಳಿಸಿದರು. ತಿಂಗಳುಗಟ್ಟಲೆ ಒಂದೂ ಖರೀದಿ ಇಲ್ಲದ ನನ್ನ ಖಾತೆಯಲ್ಲಿ ಒಂದು ಕಮಿಷನ್ ಬಂದಿದೆಯಂತೆ. ವರದಿ ತೆರೆದೆ. ಇದ್ದದ್ದು ಒಂದೇ ಸಾಲು. ಗುರುತು: ಕೆಳಮನೆ. ಸಾಮಾನು: ಸೊಂಟಕ್ಕೆ ಕಟ್ಟುವ ಬೆಲ್ಟು, ಒಂದು. ಕಮಿಷನ್: ಹತ್ತೊಂಬತ್ತು ರೂಪಾಯಿ.

ಅಷ್ಟು ದೂರದಿಂದ, ಆ ಅಡಿಗೆಮನೆಯಲ್ಲಿ ನಿಂತು, ಹಳೆಯ ಮೆಸೇಜು ಹುಡುಕಿ ತೆಗೆದು ನನ್ನ ಲಿಂಕನ್ನೇ ಒತ್ತಿದ್ದಾಳೆ. ಕೂಡಲೇ ಫೋನ್ ಮಾಡಿದೆ. “ಸೊಂಟ ಹೆಂಗೈತಿ ಅಕ್ಕಾರ?” ಎಂದರೆ ಅವಳು, “ನಿಮಗ ಮುಟ್ಟೈತಲ್ರಿ ಹಂಗಾರ” ಎಂದಳು. ಆಮೇಲೆ ಯಾರೋ ಕರೆದರೆಂದು ಇಟ್ಟಳು.

ಬೇಡವೆಂದು ಹಿಂದಿರುಗಿಸಲು ಆ ಖಾತೆಯಲ್ಲಿ ದಾರಿಯೇ ಇಲ್ಲ, ಹುಡುಕಿ ನೋಡಿದೆ. ಪುಸ್ತಕ ತೆಗೆದು ಹಂಚಿನ ಕೆಳಗಿನ ಸಾಲಿನಲ್ಲಿ ಹತ್ತೊಂಬತ್ತು ರೂಪಾಯಿ ಎಂದು ಬರೆದೆ. ಎದುರಿಗೆ, ನಾನು ಕೊಟ್ಟದ್ದು ಬರೆಯುವ ಕಡೆ, ಏನೂ ಬರೆಯಲಿಲ್ಲ.