ದುಡ್ಡು ಕಾಣದೆ ಇಳಿಯದ ಗಂಟು

ನಮ್ಮ ದೊಡ್ಡಮ್ಮ ಲಾಂಡ್ರಿ ನಡೆಸುತ್ತಿದ್ದಳು. ಹತ್ತಿರದ ದೊಡ್ಡ ಹೋಟೆಲಿನ ಚಾದರ, ದಿಂಬಿನ ಕವರು, ಟವೆಲುಗಳೇ ಅವಳ ಅನ್ನ. ಕೆಲಸ ಅಚ್ಚುಕಟ್ಟು, ಕೈ ಮಾತ್ರ ಬಹಳ ಬಿಗಿ. ಒಗೆದು ಇಸ್ತ್ರಿ ಮಾಡಿದ ಗಂಟುಗಳನ್ನು ವ್ಯಾನಿನಲ್ಲಿ ತುಂಬಿ ಹೋಟೆಲಿನ ಹಿಂಬಾಗಿಲಿಗೆ ತಾನೇ ಹೋಗುವಳು. ಆ ದಿನದ ದುಡ್ಡು ಕೈಗೆ ಬೀಳದೆ ಒಂದು ಗಂಟೂ ಕೆಳಗಿಳಿಯುತ್ತಿರಲಿಲ್ಲ. ಮನೆಯಲ್ಲಿ ನಾವೆಲ್ಲ ಜಿಪುಣಿ ಎಂದು ರೇಗಿಸುತ್ತಿದ್ದೆವು. ಅದು ಅವಳಿಗೆ ಚುಚ್ಚುತ್ತಿತ್ತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ಹಾಗೆ. ಮುಷ್ಟಿಯೂ ಬಿಗಿಯಾಗಿರಬೇಕು, ಧಾರಾಳಿ ಅನ್ನುವ ಹೆಸರೂ ಬೇಕು.

ಆ ಹೋಟೆಲು ದಿವಾಳಿ ಎದ್ದಿತು. ಅದರ ಆಸ್ತಿ, ಸಾಲ ನೋಡಿಕೊಳ್ಳಲು ಕೋರ್ಟು ಒಬ್ಬ ಅಧಿಕಾರಿಯನ್ನು ನೇಮಿಸಿತು. ಮುಳುಗುವ ಮುಂಚಿನ ತಿಂಗಳುಗಳಲ್ಲಿ ಹೋಟೆಲು ಕೆಲವರ ಹಳೇ ಬಾಕಿ ಮಾತ್ರ ತೀರಿಸಿ ಉಳಿದವರಿಗೆ ಕೈ ಕೊಟ್ಟಿದ್ದರೆ, ಆ ಕೆಲವರು ಹಣ ವಾಪಸು ಕೊಡಬೇಕು, ಅದನ್ನು ಎಲ್ಲರಿಗೂ ಹಂಚಬೇಕು. ಇದು ಕಾನೂನು. ನ್ಯಾಯವೇ ಅನ್ನಿ. ಆದರೆ ಅಧಿಕಾರಿ ದೊಡ್ಡಮ್ಮನ ಮೇಲೇ ದಾವೆ ಹೂಡಿದಾಗ ನಮಗೆ ಯಾವ ನ್ಯಾಯವೂ ಬೇಕಿರಲಿಲ್ಲ. ಆ ತಿಂಗಳುಗಳಲ್ಲಿ ಹೋಟೆಲು ಕೊಟ್ಟ ದುಡ್ಡೆಲ್ಲ ಸೋಪಿಗೆ, ಕರೆಂಟಿಗೆ, ಹೊಸ ಯಂತ್ರದ ಕಂತಿಗೆ ಕರಗಿಹೋಗಿತ್ತು. ವಾಪಸು ಕೊಡಬೇಕೆಂದರೆ ಯಂತ್ರಗಳನ್ನು ಮಾರಿ ಅಂಗಡಿಗೆ ಬೀಗ ಹಾಕಬೇಕಿತ್ತು.

“ವ್ಯವಹಾರ ಹೇಗಿತ್ತಮ್ಮಾ?” ಎಂದು ನಮ್ಮ ವಕೀಲರು ಕೇಳಿದರು.

“ಎಲ್ಲಾ ನಂಬಿಕೆ ಮೇಲೆ ಸಾರ್,” ಎಂದಳು ದೊಡ್ಡಮ್ಮ. “ಬಟ್ಟೆ ಕೊಟ್ಬಿಡ್ತಿದ್ದೆ. ದುಡ್ಡು ಅವರಿಗೆ ಅನುಕೂಲ ಆದಾಗ ಬರೋದು.”

ನನಗೆ ಕೆಮ್ಮು ಬಂತು. ಅವಳು ಮೇಜಿನ ಕೆಳಗೆ ನನ್ನ ತೊಡೆ ಜಿಗುಟಿದಳು. ವಕೀಲರು ಮುಖ ಸಪ್ಪಗೆ ಮಾಡಿಕೊಂಡು ಕಷ್ಟ ಇದೆ ಎಂದಷ್ಟೇ ಹೇಳಿದರು. ಯಾಕೆ ಕಷ್ಟ ಎಂದು ನಾವೂ ಕೇಳಲಿಲ್ಲ, ಅಂಥ ಬುದ್ಧಿವಂತರು.

ವಿಚಾರಣೆಯ ದಿನ ಅಧಿಕಾರಿ ಹೋಟೆಲಿನ ಹಳೇ ಮೇಲ್ವಿಚಾರಕನನ್ನು ಸಾಕ್ಷಿಗೆ ಕರೆಸಿದರು. ಈಯಮ್ಮನಿಗೆ ಎಷ್ಟು ದಿನದ ಬಾಕಿ ಇರುತ್ತಿತ್ತು ಎಂದು ಕೇಳಿದ್ದೇ ತಡ, ಅವನು ಕೆಂಡವಾದ.

“ಬಾಕಿನಾ? ಈಯಮ್ಮ ಬಾಕಿ ಇಡೋರಾ ಸಾರ್? ಒಂದ್ಸಲ ದುಡ್ಡು ಸ್ವಲ್ಪ ಕಮ್ಮಿ ಬಿತ್ತು ಅಂತ ವ್ಯಾನ್ ತಿರುಗಿಸ್ಕೊಂಡು ಹೋಗ್ಬಿಟ್ರು. ಅವತ್ತು ಗೆಸ್ಟುಗಳು ಕಿಟಕಿ ಪರದೆ ಹೊದ್ಕೊಂಡು ಮಲಗಿದ್ರು! ಉಗಿಸ್ಕೊಂಡಿದ್ದು ನಾನು!”

ನಮ್ಮ ವಕೀಲರು ಕುರ್ಚಿಯಿಂದ ಅರ್ಧ ಎದ್ದರು. ನ್ಯಾಯಾಧೀಶೆ ದೊಡ್ಡಮ್ಮನತ್ತ ತಿರುಗಿ, ಇದು ನಿಜವೇ ಎಂದು ಕೇಳಿದರು.

ಅವಳ ಮುಖ ಕೆಂಪಾಯಿತು. ನನ್ನನ್ನು ನೋಡಿದಳು, ನೆಲ ನೋಡಿದಳು. “ನಿಜ ತಾಯಿ. ದುಡ್ಡು ಬರದೆ ಒಂದು ದಿಂಬಿನ ಕವರೂ ಬಿಟ್ಟೋಳಲ್ಲ. ನಾನು ಜಿಪುಣಿ.”

“ಬಟ್ಟೆ ಕೊಟ್ಟ ಕೈಯಲ್ಲೇ ದುಡ್ಡು ತಗೊಂಡಿದ್ದೀರಿ. ಹಳೇ ಬಾಕೀನೇ ಇಲ್ಲ ಅಂದ್ಮೇಲೆ ವಾಪಸು ಕೊಡೋದು ಏನನ್ನ?” ಎಂದರು ನ್ಯಾಯಾಧೀಶೆ. ದಾವೆ ವಜಾ ಆಯಿತು.

ನನಗೆ ಹೋದ ಜೀವ ಬಂದಂತಾಯಿತು. ದೊಡ್ಡಮ್ಮ ಹೊರಗಿನ ಬೆಂಚಿನ ಮೇಲೆ ಕುಸಿದು ಒಂದೇ ಸಮನೆ ಅತ್ತಳು, ಅಳುತ್ತಲೇ ನಕ್ಕಳು. ಮುಖ ಊದಿಸಿಕೊಂಡು ಹೊರಟಿದ್ದ ಮೇಲ್ವಿಚಾರಕನ ಎರಡೂ ಕೈ ಹಿಡಿದುಕೊಂಡಳು.

“ನಿಮ್ಮನ್ನ ಉಳಿಸೋಕೆ ಹೇಳಿದ್ದಲ್ಲಮ್ಮಾ,” ಎಂದ ಅವನು. “ಹೊಟ್ಟೆ ಉರಿದು ಹೇಳಿದ್ದು.”

“ಗೊತ್ತಪ್ಪಾ. ನಿನ್ನ ಹೊಟ್ಟೆ ತಣ್ಣಗಿರಲಿ. ನಾಳೆಯಿಂದ ನಿಮ್ಮನೆ ಬಟ್ಟೆ ನನ್ ಹತ್ರ ಕಳ್ಸು. ದುಡ್ಡು ನಿಂಗೆ ಕೆಲಸ ಸಿಕ್ಕಿದ್ಮೇಲೆ ಕೊಡುವಂತೆ.”

ದೊಡ್ಡಮ್ಮ ಸಾಲ ಕೊಟ್ಟಿದ್ದನ್ನು ನಾನು ಕಂಡಿದ್ದು ಅದೇ ಮೊದಲು.