ಮೇಜು ಸುತ್ತುವವಳು ಓಡಲು ಹೊರಟದ್ದು

ಓಡುವವರ ಸುದ್ದಿ ಹಿರಿಯಕ್ಕನಿಗೆ ಮೊದಲು ತಿಳಿದದ್ದು ಒಂದು ಸೋಮವಾರ, ಅದೂ ಕಾಗದದ ಮೂಲಕ. ಬೈಂಡಿಂಗ್ ಅಂಗಡಿಗೆ ಪ್ರೆಸ್ಸಿನಿಂದ ನಾನ್ನೂರು ಪುಸ್ತಕಕ್ಕಾಗುವಷ್ಟು ಅಚ್ಚಾದ ಹಾಳೆಗಳು ಬಂದು ಬಿದ್ದಿದ್ದವು. ಮೇಲಿನ ಹಾಳೆಯಲ್ಲಿ ಒಂದು ಜೊತೆ ಶೂಗಳ ಚಿತ್ರ, ಅದರ ಕೆಳಗೆ ದಪ್ಪಕ್ಷರ. ಹಿರಿಯಕ್ಕ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರಕ್ಕೆ ಅಕ್ಷರ ಪೋಣಿಸಿಕೊಂಡು, "ಹದಿನೆಂಟು ವಾರದಲ್ಲಿ ಮ್ಯಾ-ರ-ಥಾನ್" ಎಂದು ಓದಿದಳು.

"ಇದೇನೇ ಇದು, ಕಾಯಿಲೆಯಾ?"

"ಓಟ ಅಕ್ಕ. ನಲವತ್ತೆರಡು ಕಿಲೋಮೀಟರು ಓಡೋದು. ಗುಂಪು ಕಟ್ಟಿಕೊಂಡು ಕಲೀತಾರಂತೆ."

"ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೆ ಕಾಲಿಗೆ ಬುದ್ಧಿ ಹೇಳೋದು ನಂಗೂ ಗೊತ್ತು. ಅದಕ್ಕೂ ಮೇಷ್ಟ್ರು ಬೇಕಾ?"

ಹೀಗೆ ತಿಳಿಸಿ ಹೇಳಿದವಳು ಬುಗುರಿ. ಅದು ಅವಳ ಹೆಸರಲ್ಲ, ಅಂಗಡಿಯವರು ಇಟ್ಟದ್ದು. ಹದಿನೆಂಟು ವರ್ಷದವಳಾಗಿ ಬಂದವಳಿಗೆ ಈಗ ನಲವತ್ತನಾಲ್ಕು. ಅಷ್ಟೂ ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಮೇಜು ಸುತ್ತುವುದು. ಹದಿನಾರು ಪುಟಕ್ಕೊಂದರಂತೆ ಮಡಿಚಿದ ಹಾಳೆಗೆ ಬೈಂಡಿಂಗಿನವರು ಫಾರಂ ಎನ್ನುತ್ತಾರೆ. ಒಂದನೇ ಫಾರಂ, ಎರಡನೇ ಫಾರಂ ಎಂದು ಉದ್ದ ಮೇಜಿನ ಅಂಚಿನುದ್ದಕ್ಕೂ ಗುಡ್ಡೆ ಇಟ್ಟಿರುತ್ತಾರೆ. ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿಕೊಳ್ಳುತ್ತ ಒಂದು ಸುತ್ತು ಬಂದರೆ ಒಂದು ಪುಸ್ತಕ. ಸಾವಿರ ಪುಸ್ತಕಕ್ಕೆ ಸಾವಿರ ಸುತ್ತು. ಗಾಣದ ಎತ್ತಿಗೂ ಮಧ್ಯೆ ಒಂದು ಬಿಡುವಿರುತ್ತದೆ, ಬುಗುರಿಗೆ ಇರುತ್ತಿರಲಿಲ್ಲ. ಸುತ್ತುವಾಗ ಮಾತಾಡುತ್ತಿದ್ದಳು, ಮಾತಾಡುತ್ತಲೇ ಎಣಿಸುತ್ತಿದ್ದಳು, ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ.

ಒಂದು ಮೇಜಿಗೆ ಇಬ್ಬರು ಸುತ್ತಬೇಕೆಂಬುದು ಅಂಗಡಿಯ ಪದ್ಧತಿ. ಇನ್ನೊಬ್ಬಳು ಹಿರಿಯಕ್ಕ. ಅದೇ ಅಂಗಡಿಯಲ್ಲಿ ಕಟಿಂಗ್ ಮೆಷಿನ್ ನಡೆಸುತ್ತಿದ್ದವನ ಹೆಂಡತಿ. ಗಂಡ ಹೋಗಿ ಹನ್ನೊಂದು ವರ್ಷವಾಗಿತ್ತು. ಅವಳು ಮೇಜು ಹಿಡಿದು ಮೂವತ್ತೆಂಟು. ಆದರೆ ಕಳೆದ ಮೂರು ವರ್ಷದಿಂದ ಅವಳು ಮೇಜು ಸುತ್ತಿರಲಿಲ್ಲ. ಬಲ ಮಂಡಿ ಮಡಿಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಿಚುತ್ತಿರಲಿಲ್ಲ. ಯಜಮಾನ ಕೂರುವ ಗಾಜಿನ ಕೋಣೆಯಿಂದ ಮೇಜಿನ ಮುಂದಿನ ಅರ್ಧ ಕಾಣುತ್ತಿತ್ತು. ಹಿಂದಿನ ಅರ್ಧಕ್ಕೆ ಕಾಗದದ ರೀಮುಗಳು ಗೋಡೆಯ ಹಾಗೆ ಅಡ್ಡ ನಿಂತಿದ್ದವು. ಆ ಗೋಡೆಯ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಹಿರಿಯಕ್ಕ. ಬುಗುರಿ ಎತ್ತಿ ತಂದುಕೊಟ್ಟದ್ದನ್ನು ಅವಳು ಅಂಚು ತಟ್ಟಿ ಸರಿಮಾಡಿ, ಪುಟದ ಕ್ರಮ ನೋಡಿ ಪೇರಿಸುತ್ತಿದ್ದಳು. ಇಬ್ಬರ ಸುತ್ತನ್ನೂ ಬುಗುರಿಯೇ ಹಾಕುತ್ತಿದ್ದಳು. ಯಜಮಾನ ಬಾಗಿಲು ತೆಗೆದರೆ ಬುಗುರಿ ಕೆಮ್ಮುತ್ತಿದ್ದಳು, ಹಿರಿಯಕ್ಕ ಎದ್ದು ಮೇಜು ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕುತ್ತಿದ್ದಳು. "ಬುಗುರಿಗೆ ಬೇಸಿಗೆಯಲ್ಲೂ ಕೆಮ್ಮು" ಎಂದು ಯಜಮಾನ ಒಂದೆರಡು ಸಲ ಹೇಳಿದ್ದುಂಟು.

ಈ ಏರ್ಪಾಡಿನ ಬಗ್ಗೆ ಅವರಿಬ್ಬರೂ ಒಂದು ದಿನವೂ ಮಾತಾಡಿಕೊಂಡಿರಲಿಲ್ಲ.

ಓಟದ ಪುಸ್ತಕಕ್ಕೆ ಎಂಟು ಫಾರಂ. ಸುತ್ತುವಾಗ ಬುಗುರಿ ಅದನ್ನು ತುಂಡು ತುಂಡಾಗಿ ಓದಿದಳು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದವಳೇ ಹೊಲಿಗೆಯ ದಾರ ತಂದು ಮೇಜಿನ ಸುತ್ತಳತೆ ಹಿಡಿದಳು.

"ಒಂದು ಸುತ್ತಿಗೆ ಒಂಬತ್ತು ಮೀಟರು ಅಕ್ಕ. ದಿನಕ್ಕೆ ಸಾವಿರದೈನೂರು ಸುತ್ತು. ಮೂರು ದಿನಕ್ಕೊಂದು ಮ್ಯಾರಥಾನ್ ಮುಗಿಸ್ತಾ ಇದೀನಿ ನಾನು! ಎಲ್ಲಿ ನನ್ನ ಪದಕ?"

"ಸೇರಿದ್ದು ಎಲ್ಲಿಗೆ? ಹೊರಟ ಜಾಗಕ್ಕೇ."

"ಅದೇ ನಾನೂ ನೋಡ್ತಾ ಇದೀನಿ," ಎಂದಳು ಬುಗುರಿ. ನಗಲಿಲ್ಲ.

ರಟ್ಟು ತಲೆಕೆಳಗಾಗಿ ಅಂಟಿದ್ದ ಒಂದು ಪ್ರತಿಯನ್ನು ಅವಳು ಮನೆಗೆ ಒಯ್ದಳು. ಅದರ ಕೊನೆಯ ಪುಟದಲ್ಲಿ ಅರ್ಜಿ ಇತ್ತು. ಗುಂಪಿಗೆ ಸೇರುವವರು ಮುಂದಿನ ತಿಂಗಳ ಮೊದಲ ಶನಿವಾರದೊಳಗೆ ಕೊಡಬೇಕು. ವಾರಕ್ಕೆ ಮೂರು ಬೆಳಿಗ್ಗೆ ಮತ್ತು ಭಾನುವಾರ ಅಭ್ಯಾಸ. ಆ ಮೂರು ದಿನ ಅಂಗಡಿಗೆ ಬರುವಾಗ ಒಂಬತ್ತೂವರೆಯಾಗುತ್ತದೆ, ಕೆಲಸ ಶುರುವಾಗುವುದು ಎಂಟಕ್ಕೆ. ಯಜಮಾನನನ್ನು ಕೇಳಿದ್ದಕ್ಕೆ ಅವನು ತಕ್ಷಣ ಒಪ್ಪಿದ. ಓಟದ ಗುಂಪು ಒಳ್ಳೆಯ ಗಿರಾಕಿ.

"ಹೋಗಿ ಬಾ ತಾಯಿ. ಒಂದೂವರೆ ಗಂಟೆ ತಾನೇ? ಹಿರಿಯಕ್ಕ ಒಬ್ಬರೇ ಸುತ್ತಿಕೊಳ್ತಾರೆ. ಏನು ಹಿರಿಯಕ್ಕ?"

"ಅದಕ್ಕೇನಂತೆ," ಎಂದಳು ಹಿರಿಯಕ್ಕ. ರೀಮುಗಳ ಹಿಂದಿನಿಂದ ಎದ್ದು ಬಂದು ನಿಂತಿದ್ದಳು. ಮೇಜಿನ ಅಂಚು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

ಬುಗುರಿ ಅದನ್ನು ಕಂಡಳು. ಕಂಡದ್ದನ್ನು ಹಿರಿಯಕ್ಕನೂ ಕಂಡಳು. ಮೂರು ಬೆಳಿಗ್ಗೆ ಬುಗುರಿ ಇಲ್ಲದಿದ್ದರೆ ಮೊದಲನೇ ದಿನವೇ ಗುಟ್ಟು ರಟ್ಟು. ಸುತ್ತಲಾರದವಳಿಗೆ ಮೇಜಿನ ಬಳಿ ಏನು ಕೆಲಸ? ಹಿರಿಯಕ್ಕನಿಗೆ ಮನೆಯೆಂದರೆ ಒಂದು ಕೋಣೆ, ಒಂದು ಕಿಟಕಿ. ಕಿಟಕಿಯಿಂದ ಕಾಣುವುದು ಎದುರುಮನೆಯ ನೀರಿನ ಟ್ಯಾಂಕು. ಬೆಳಿಗ್ಗೆ ಏಳೂವರೆಗೆ ಬೀಗ ಹಾಕಿ ಹೊರಡುವುದೊಂದೇ ಅವಳ ದಿನವನ್ನು ಶುರು ಮಾಡುತ್ತಿತ್ತು.

ಸೇರುವ ಮೊದಲು ಒಂದು ಭಾನುವಾರ ಯಾರು ಬೇಕಾದರೂ ಬಂದು ಓಡಿ ನೋಡಬಹುದಿತ್ತು. ಬುಗುರಿ ಹೋಗಿ ಬಂದಳು. ಸೋಮವಾರ ಮುಖ ಊದಿಸಿಕೊಂಡು ಮೇಜು ಸುತ್ತಿದಳು. ಹತ್ತು ಗಂಟೆಯವರೆಗೆ ಬಾಯಿ ಬಿಡಲಿಲ್ಲ. ಅದು ಅಂಗಡಿಯಲ್ಲಿ ಹಿಂದೆಂದೂ ಆಗದ ಸಂಗತಿ.

"ಏನಾಯ್ತೇ? ಬಿದ್ದೆಯಾ?"

"ಬಿದ್ದಿದ್ರೆ ಚೆನ್ನಾಗಿತ್ತು. ಬೈಸ್ಕೊಂಡೆ."

"ಯಾರ ಹತ್ರ?"

"ಆ ಕೋಚು. ಮೂವತ್ತು ವರ್ಷ ಆಗಿಲ್ಲ, ಕತ್ತಿಗೊಂದು ಸೀಟಿ. ನನ್ನನ್ನ ಆಂಟಿ ಅಂತಾನೆ! ಶಾಲೆ ಮೈದಾನ, ಇಪ್ಪತ್ತೈದು ಸುತ್ತು ಓಡಿ ಅಂದ. ಓಡಿದೆ. ಎಲ್ಲರಿಗಿಂತ ಕೊನೆ, ಆದ್ರೆ ನಿಲ್ಲದೆ ಓಡಿದೆ. ಆಮೇಲೆ ಇನ್ನೊಂದು ಸುತ್ತು ಹಾಕಿದೆ."

"ಹಾಕಲೇಬೇಕಲ್ಲ," ಎಂದಳು ಹಿರಿಯಕ್ಕ.

ಅಂಗಡಿಯಲ್ಲಿ ಇಪ್ಪತ್ತೈದಕ್ಕೆ ಒಂದು ಹೆಚ್ಚು ಎಂಬುದು ರೂಢಿ. ಹೊಲಿಗೆಯಲ್ಲಿ ಒಂದು ಹರಿಯಬಹುದು, ಕತ್ತರಿಸುವಾಗ ಒಂದು ಓರೆಯಾಗಬಹುದು. ಇಪ್ಪತ್ತೈದು ಕೇಳಿದವನಿಗೆ ಇಪ್ಪತ್ತೈದು ಸಿಗಬೇಕಾದರೆ ಇಪ್ಪತ್ತಾರು ಸುತ್ತು ಹಾಕಿರಬೇಕು. ಬುಗುರಿಗೆ ಮೊದಲ ದಿನ ಇದನ್ನು ಹೇಳಿಕೊಟ್ಟವಳೂ ಹಿರಿಯಕ್ಕನೇ.

"ಎಲ್ಲರೂ ನಿಂತು ನೀರು ಕುಡೀತಾ ಇದಾರೆ, ನಾನೊಬ್ಬಳೇ ಓಡ್ತಾ ಇದೀನಿ. ಸೀಟಿ ಊದಿದ್ದೇ ಊದಿದ್ದು. ಹತ್ರ ಬಂದು ಏನಂತಾನೆ ಗೊತ್ತಾ? 'ಆಂಟಿ, ಹೇಳಿದ್ದಕ್ಕಿಂತ ಹೆಚ್ಚು ಓಡೋದೂ ತಪ್ಪೇ. ಹೀಗೆ ಮಾಡೋರು ಎಂಟನೇ ವಾರಕ್ಕೆ ಕಾಲು ಮುರ್ಕೊಂಡು ಮನೇಲಿರ್ತಾರೆ.' ಇಪ್ಪತ್ತಾರು ವರ್ಷದಲ್ಲಿ ಒಬ್ಬರಾದ್ರೂ ನಂಗೆ ಹೆಚ್ಚು ಮಾಡಿದ್ದು ತಪ್ಪು ಅಂದಿದಾರಾ? ಆ ಹುಡುಗೀರೆಲ್ಲ ಕಿಸಿಕಿಸಿ ನಕ್ಕರು. ಅದೂ ಅಲ್ದೆ ಓಡುವಾಗ ಕೈ ಮುಂದೆ ಮುಂದೆ ಹೋಗುತ್ತೆ ಅಕ್ಕ, ಫಾರಂ ಎತ್ತೋಕೆ. ಒಬ್ಬಳು ಕೇಳಿದಳು, 'ಯಾರಿಗೆ ಏನು ಕೊಡ್ತಾ ಇದೀರಾ?' ಅಂತ."

ಹಿರಿಯಕ್ಕ ನಗು ನುಂಗಿಕೊಂಡಳು.

"ನಂಗೆ ಬೇಡ ಅಕ್ಕ. ಸೇರಲ್ಲ."

"ಸರಿ ಬಿಡು," ಎಂದಳು ಹಿರಿಯಕ್ಕ. ಆ ಮಾತು ಸ್ವಲ್ಪ ಬೇಗನೇ ಬಾಯಿಂದ ಬಂತು. ಅಂಚು ತಟ್ಟುತ್ತ ಅವಳು ತನ್ನ ಮನಸ್ಸು ಹಗುರಾದದ್ದನ್ನು ಗಮನಿಸಿದಳು. ಅದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಗುರುವಾರ ಬುಗುರಿ ಮರೆತುಬಂದಿದ್ದ ಊಟದ ಡಬ್ಬಿ ಕೊಡಲು ಅವಳ ಗಂಡ ಬಂದ. ಅವನು ಕ್ಷೌರಿಕ, ಅಂಗಡಿ ಎರಡು ಬೀದಿ ಆಚೆ. ದಿನವಿಡೀ ಗಿರಾಕಿಗಳ ಕಿವಿಗೆ ಮಾತು ತುಂಬಿ ಅಭ್ಯಾಸವಾದವನು. ಬುಗುರಿ ಪ್ರೆಸ್ಸಿಗೆ ಹೋಗಿದ್ದಳು, ಅವನು ಹಿರಿಯಕ್ಕನ ಎದುರಿನ ರೀಮಿನ ಮೇಲೆ ಕೂತ.

"ಅಕ್ಕಾ, ನಿಮ್ಮ ಮಂಡಿ ಯಾವಾಗ ವಾಸಿಯಾಗುತ್ತೆ?"

"ನನ್ನ ಜೊತೆ ಮಣ್ಣಿಗೆ ಹೋದಾಗ. ಯಾಕಪ್ಪಾ?"

"ಸುಮ್ನೆ ಕೇಳ್ದೆ. ನಮ್ಮನೇಲಿ ಒಬ್ಬಳು ಮೀನಮೇಷ ಎಣಿಸ್ತಾ ಇದಾಳೆ. ಅರ್ಜಿ ತುಂಬ್ತಾಳೆ, ಅಳಿಸ್ತಾಳೆ. ತುಂಬ್ತಾಳೆ, ಅಳಿಸ್ತಾಳೆ. ಕಾಗದ ತೂತು ಬಿದ್ದಿದೆ. ಹೋಗೇ ಮಾರಾಯ್ತಿ, ಓಡು, ನಂಗೂ ಮನೇಲಿ ನಾಲ್ಕು ಗಳಿಗೆ ಶಾಂತಿ ಸಿಗ್ಲಿ ಅಂದೆ. 'ನಾನು ಹೋದ್ರೆ ಅಕ್ಕನ ಗತಿ?' ಅಂತಾಳೆ."

ಹಿರಿಯಕ್ಕನ ಕೈ ನಿಂತಿತು. "ಕೋಚು ಬೈದ ಅಂತ ಬಿಟ್ಟೆ ಅಂದಳಲ್ಲ?"

"ಕೋಚಾ? ಅವನು ನಿನ್ನೆ ನನ್ನ ಹತ್ರಾನೇ ಕೂದಲು ಕತ್ತರಿಸ್ಕೊಂಡ. ಪಾಪದವನು. 'ಆಂಟಿ ಬರ್ತಾರಾ' ಅಂತ ಎರಡು ಸಲ ಕೇಳಿದ." ಅವನು ಡಬ್ಬಿ ಇಟ್ಟು ಎದ್ದ. "ನಾನು ಹೇಳಿದೆ ಅಂತ ಹೇಳ್ಬೇಡಿ. ಕತ್ತರಿ ನನ್ನ ಕೈಲಿದ್ರೂ ಮನೇಲಿ ತಲೆ ಬಗ್ಗಿಸೋನು ನಾನೇ."

ಆ ಸಂಜೆ ಹಿರಿಯಕ್ಕ ಮನೆಗೆ ಹೋಗಿ ಬೀಗ ತೆಗೆದಳು, ಚಹಾ ಮಾಡಿಕೊಂಡಳು, ಕುಡಿದಳು. ಮೂರು ವರ್ಷ ದಿನಕ್ಕೆ ಏಳೆಂಟು ನೂರು ಸುತ್ತು ಇನ್ನೊಬ್ಬಳ ಕಾಲಿನಿಂದ ಹಾಕಿಸಿದ್ದಾಯಿತು. ಅದು ಸಾಲದೆ ಈಗ ಅವಳ ಬೆಳಗನ್ನೂ ಕೇಳುವುದೇ ಎಂದು ಯೋಚಿಸಿದಳು. ಒಂದು ಮನಸ್ಸು, ಅವಳು ತಾನಾಗಿ ಬಿಡುತ್ತಿದ್ದಾಳೆ, ನೀನೇನೂ ಕೇಳಲಿಲ್ಲವಲ್ಲ ಎಂದಿತು. ಆ ಮನಸ್ಸಿನ ಮಾತು ಹಿತವಾಗಿತ್ತು. ಲೋಟ ತೊಳೆದಿಟ್ಟು ಮಲಗಿದಳು.

ಶುಕ್ರವಾರ ಬೆಳಿಗ್ಗೆ ಗಾಜಿನ ಕೋಣೆಯ ಬಾಗಿಲು ತಟ್ಟಿದಳು.

"ಮೂರು ವರ್ಷದಿಂದ ನಾನು ಮೇಜು ಸುತ್ತಿಲ್ಲ."

ಯಜಮಾನ ಕನ್ನಡಕ ತೆಗೆದ. "ಮತ್ತೆ ಸುತ್ತಿದ್ದು ಯಾರು, ದೆವ್ವಾನಾ?"

"ಬುಗುರಿ. ಇಬ್ಬರ ಪಾಲೂ ಅವಳೇ."

"ನಾನಿಲ್ಲಿ ಕಣ್ಣಿದ್ದೂ ಕುರುಡನಾಗಿ ಕೂತಿದ್ನಾ?"

"ರೀಮುಗಳ ಹಿಂದೆ ಸ್ಟೂಲಿತ್ತು."

ಅವನು ಎದ್ದು ಹೋಗಿ ಆ ಸ್ಟೂಲಿನ ಮೇಲೆ ತಾನೇ ಕೂತ. ಕತ್ತು ಚಾಚಿ ತನ್ನ ಕೋಣೆಯ ಕಡೆ ನೋಡಿದ. ಅಲ್ಲಿಂದ ಅವನ ಕುರ್ಚಿ ಕಾಣುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರಿನ ಮೇಲ್ಭಾಗ ಮಾತ್ರ ಕಾಣುತ್ತಿತ್ತು. "ಚೆನ್ನಾಗಿದೆ," ಎಂದ. "ಬಹಳ ಚೆನ್ನಾಗಿದೆ." ಕಿರುಚಲಿಲ್ಲ. ಹೊಲಿಗೆಯವರಿಬ್ಬರನ್ನು ಕರೆದು ರೀಮುಗಳನ್ನೆಲ್ಲ ಎದುರು ಗೋಡೆಗೆ ಸಾಗಿಸಿದ. ಬೆಳಕು ಮೇಜಿನ ಹಿಂಭಾಗಕ್ಕೂ ಬಿತ್ತು. ಮಡಿಚುವವರಲ್ಲಿ ಒಬ್ಬಳನ್ನು ಮೇಜಿಗೆ ಹಾಕಿದ. ಹಿರಿಯಕ್ಕ ಇನ್ನು ಮಧ್ಯಾಹ್ನ ಮಾತ್ರ ಬಂದು ಪುಸ್ತಕಗಳ ಬೆನ್ನುಪಟ್ಟಿಗೆ ಅಂಟು ಹಚ್ಚುವುದು, ಕೂತುಕೊಂಡು.

"ಮೊದಲೇ ಹೇಳಿದ್ರೆ ಏನಾಗ್ತಿತ್ತು?" ಎಂದು ಕೇಳಿದ.

"ಇದೇ ಆಗ್ತಿತ್ತು," ಎಂದಳು ಹಿರಿಯಕ್ಕ.

ಅವನು ಕನ್ನಡಕ ಹಾಕಿಕೊಂಡು ತನ್ನ ಕೋಣೆಗೆ ನಡೆದ.

ಪ್ರೆಸ್ಸಿಗೆ ಹೋಗಿ ಬಂದ ಬುಗುರಿ ಬಾಗಿಲಲ್ಲೇ ನಿಂತಳು. ಖಾಲಿಯಾದ ಜಾಗ ನೋಡಿದಳು, ಹೊಸಬಳನ್ನು ನೋಡಿದಳು, ಸೆರಗು ಬಿಗಿದು ಮೇಜು ಸುತ್ತತೊಡಗಿದಳು. ಹೊಸಬಳಿಗೆ ಅವಳ ಹಿಂದೆ ಓಡಿ ಓಡಿ ಉಸಿರು ಸಿಕ್ಕಿಕೊಂಡಿತು. ಆ ದಿನ ಬುಗುರಿ ಹಿರಿಯಕ್ಕನ ಕಡೆ ಕಣ್ಣೆತ್ತಲಿಲ್ಲ.

ಶನಿವಾರ ಮಧ್ಯಾಹ್ನ ಅಂಟಿನ ಡಬ್ಬಿಯ ಮುಂದೆ ಬಂದು ನಿಂತಳು.

"ಯಾರು ಕೇಳಿದ್ರು ನಿಮ್ಮನ್ನ? ನಾನು ಕೇಳಿದ್ನಾ? ಮೂರು ವರ್ಷ ಕೆಮ್ಮಿ ಕೆಮ್ಮಿ ಗಂಟಲು ಕಿತ್ತುಹೋಯ್ತು, ಅದನ್ನ ಒಂದು ನಿಮಿಷದಲ್ಲಿ ನೀರಿಗೆ ಹಾಕಿಬಿಟ್ರಿ."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನಿಂಗೆ ನನ್ನ ಮಂಡಿ ಡೊಂಕು. ಈಗ ಮಂಡಿ ಇಲ್ಲಿ ಕೂತಿದೆ. ಕುಣಿ ನೋಡೋಣ."

ಬುಗುರಿ ಜಗಳಕ್ಕೆ ಬಾಯಿ ತೆರೆದವಳು ಹಾಗೇ ನೆಲದ ಮೇಲೆ ಕುಕ್ಕರಿಸಿದಳು.

"ಭಯ ಅಕ್ಕ. ಆ ಹುಡುಗೀರ ಮುಂದೆ, ಅರ್ಧದಲ್ಲಿ ನಿಂತುಬಿಟ್ರೆ? ನಿಮ್ಮ ಮಂಡಿ ಸುಳ್ಳಲ್ಲ. ಆದ್ರೆ ನಿಮ್ಮ ಮಂಡಿ ಒಂದೇ ಅಂದ್ರೆ ಅದೂ ಸುಳ್ಳೇ."

"ಇಷ್ಟನ್ನ ಹೇಳೋಕೆ ನನ್ನ ಮೇಜು ಹೋಗ್ಬೇಕಾಯ್ತು," ಎಂದಳು ಹಿರಿಯಕ್ಕ. ಅದರಲ್ಲಿ ಅರ್ಧ ತಮಾಷೆ ಇತ್ತು. ಇನ್ನರ್ಧ ಎಷ್ಟು ಭಾರವೆಂದು ಬುಗುರಿಗೆ ತಿಳಿಯಿತು.

ಆ ಸಂಜೆಯೇ ಬುಗುರಿ ಅರ್ಜಿ ಕೊಟ್ಟಳು. ಹದಿನೆಂಟು ವಾರ ಹೇಳಿದಷ್ಟೇ ಓಡಿದಳು, ಒಂದು ಸುತ್ತೂ ಹೆಚ್ಚಿಲ್ಲ. ಕೊನೆಯ ಓಟವನ್ನು ಆರು ಗಂಟೆ ಹನ್ನೆರಡು ನಿಮಿಷದಲ್ಲಿ ಮುಗಿಸಿದಳೆಂದು ಅವಳ ಗಂಡ ಹಿರಿಯಕ್ಕನ ಬಾಗಿಲಿಗೆ ಬಂದು ಹೇಳಿಹೋದ. ಓಟ ಸಾಗಿದ್ದು ಹಿರಿಯಕ್ಕನ ಬೀದಿಯ ತುದಿಯಲ್ಲೇ. ಜನರ ಚಪ್ಪಾಳೆ ಕಿಟಕಿಗೆ ಕೇಳಿಸುತ್ತಿತ್ತು. ಅವಳು ಹೊರಗೆ ಬರಲಿಲ್ಲ. ಆಮೇಲೂ ಎರಡು ವರ್ಷ ಅವರಿಬ್ಬರೂ ಅದೇ ಅಂಗಡಿಯಲ್ಲಿದ್ದರು. ಮಧ್ಯಾಹ್ನದ ಹೊತ್ತು ಒಳ್ಳೆಯ ಮಾತೇ ಆಡಿಕೊಳ್ಳುತ್ತಿದ್ದರು. ಆದರೆ ಬುಗುರಿ ಹಿರಿಯಕ್ಕನ ಬಳಿ ಮತ್ತೆ ಏನನ್ನೂ ಕೇಳಿಕೊಳ್ಳಲಿಲ್ಲ. ಕೊನೆಯದಾಗಿ ಕೇಳಿದ್ದು ಆ ಶನಿವಾರ, ಅರ್ಜಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಬಾಗಿಲು ದಾಟುವಾಗ.

"ಅಕ್ಕ, ಒಂದು ಕೇಳ್ತೀನಿ. ಬೇಜಾರು ಮಾಡ್ಕೋಬಾರದು."

"ಕೇಳು."

"ಓಟದ ದಿನ ನೀವು ನೋಡೋಕೆ ಬರ್ಬೇಡಿ. ನಿಮ್ಮನ್ನ ಕಂಡ್ರೆ ನಾನು ಓಡಲ್ಲ, ನಿಂತುಬಿಡ್ತೀನಿ. ನಿಮ್ಮನ್ನ ಕೂರಿಸೋಕೆ ಎಲ್ಲಿ ಜಾಗ ಇದೆ ಅಂತ ಹುಡುಕ್ತೀನಿ."