ರಂಗೋಲಿ ಪುಡಿಯ ಮನೆ

ನಾನು ಮೈಸೂರಿನ ವಿಶ್ವವಿದ್ಯಾಲಯವೊಂದರಲ್ಲಿ ವಾಸ್ತುಶಿಲ್ಪ ಕಲಿಸುತ್ತೇನೆ. ಕಟ್ಟಡವನ್ನು ಯೋಚಿಸುವುದು ಹೇಗೆ, ಯೋಚಿಸಿದ್ದನ್ನು ಕಟ್ಟುವುದು ಹೇಗೆ, ಎರಡೂ ನನ್ನ ಪಾಲಿನ ಪಾಠಗಳೇ. ಎರಡು ವರ್ಷಗಳ ಹಿಂದೆ ಮೂರನೇ ವರ್ಷದ ತರಗತಿಗೆ ಒಬ್ಬಳು ಹೆಣ್ಣುಮಗಳು ಮರಳಿ ಬಂದಳು. ಮದುವೆಗೆಂದು ಓದು ನಿಲ್ಲಿಸಿದ್ದವಳು, ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಮತ್ತೆ ಸೇರಿಕೊಂಡಿದ್ದಳು. ತನಗಿಂತ ತೀರಾ ಚಿಕ್ಕವರ ನಡುವೆ ಮೊದಮೊದಲು ಮುದುಡಿಕೊಂಡೇ ಕೂರುತ್ತಿದ್ದಳು. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು.

ಆ ಸಲ ನಾನು ಕೊಟ್ಟ ಕೆಲಸ ಇಷ್ಟೇ: ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಮನೆಯನ್ನು ಅವರಿಗೆ ಒಗ್ಗುವ ಹಾಗೆ ಬದಲಿಸಿ. ಅವಳು ದಟ್ಟಗಳ್ಳಿಯ ತನ್ನ ಮನೆಯನ್ನೇ ಆರಿಸಿಕೊಂಡಳು, ಅತ್ತೆಗಾಗಿ. ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪಾರ್ಶ್ವವಾಯು ಹೊಡೆದು ಎಡಗಾಲು ಸ್ವಾಧೀನ ತಪ್ಪಿ, ಎಡಗೈಯ ಬಲವೂ ಕುಂದಿ, ವಾಕರ್ ಹಿಡಿದು ನಡೆಯುತ್ತಿದ್ದರು. ಬಚ್ಚಲಿನ ಬಾಗಿಲಲ್ಲಿ ವಾಕರ್ ಹಿಡಿಸದೆ ಸ್ನಾನಕ್ಕೂ ಸೊಸೆಯ ತೋಳೇ ಬೇಕು. ಹಳೆಯ ಶಿಷ್ಯರು ಯಾರಾದರೂ ಈ ಸ್ಥಿತಿಯಲ್ಲಿ ನೋಡಿಬಿಡುತ್ತಾರೆಂದು ಗೇಟಿನಾಚೆ ಕಾಲಿಡುವುದನ್ನೇ ಬಿಟ್ಟಿದ್ದರು.

ಅವಳ ನಕ್ಷೆ ಅಚ್ಚುಕಟ್ಟಾಗಿತ್ತು. "ಅತ್ತೆಗೆ ತೋರಿಸಿದ್ಯಾ?" ಅಂದೆ.

"ತೋರಿಸ್ದೆ ಮೇಡಂ. ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇರುತ್ತೆ ಕಣಮ್ಮ ಅಂದ್ಬುಟ್ರು."

ನಕ್ಕೆ. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಕಾಲೇಜಿನ ಹಿಂದಿನ ಅಂಗಳದಲ್ಲಿ ನಕ್ಷೆಯನ್ನು ಮನೆಯಷ್ಟೇ ದೊಡ್ಡದಾಗಿ ಬರೆಸುವುದು ನನ್ನ ರೂಢಿ. ಅಲ್ಲಿಗೆ ಅತ್ತೆಯವರೇ ಬಂದು ನಡೆದು ನೋಡಿದರೆ? ಅವರು ಬರುವುದಿಲ್ಲ ಎಂದಳು ಸೊಸೆ. ಭಾನುವಾರ ನಾನೇ ದಟ್ಟಗಳ್ಳಿಗೆ ಹೋದೆ.

"ನಾನು ಬಂದು ಏನ್ ಮಾಡ್ಲಿ? ನೋಡ್ತಾ ಇದೀರಲ್ಲ ನನ್ನ ಅವಸ್ಥೆ" ಎಂದರು ಅತ್ತೆ, ಸೆರಗಿನಿಂದ ಎಡಗೈ ಮುಚ್ಚಿಕೊಳ್ಳುತ್ತಾ.

"ನಕ್ಷೆ ತಪ್ಪೋ ಸರಿಯೋ ಹೇಳೋರು ಬೇಕಾಗಿದೆ ಕಣ್ರೀ. ನಾನು ಹೇಳಿದ್ರೆ ಅದು ಬರೀ ಮಾರ್ಕ್ಸಿನ ಮಾತಾಗುತ್ತೆ."

"ಎಷ್ಟು ಜನ ಇರ್ತಾರೆ?"

"ಇಡೀ ಕ್ಲಾಸು."

ಅವರು ಕಿಟಕಿಯಾಚೆಯ ಬಿಸಿಲಿನ ಕಡೆ ನೋಡಿದರು. ಆಮೇಲೆ, "ಅಲ್ಲಿ ನೆರಳಿದೆಯಾ?" ಎಂದರು.

ಗೊತ್ತುಮಾಡಿದ ದಿನ ತರಗತಿಯ ಮಕ್ಕಳು ಬೆಳಿಗ್ಗೆಯೇ ಕಾಲೇಜಿಗೆ ಬಂದು ಅಂಗಳ ಗುಡಿಸಿ ರಂಗೋಲಿ ಪುಡಿಯಲ್ಲಿ ಗೋಡೆ, ಬಾಗಿಲು, ಹಾಸಿಗೆ ಎಲ್ಲ ಬರೆದಿದ್ದರು. ಅತ್ತೆ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಕೈಗಡಿಯಾರ ಕಟ್ಟಿಕೊಂಡು ಕಾರಿನಿಂದ ಇಳಿದರು. ಮರದ ಕೆಳಗೆ ಅಲ್ಲಲ್ಲಿ ನಿಂತಿದ್ದ ಮಕ್ಕಳು ಒಟ್ಟಿಗೆ ನಮಸ್ಕಾರ ಹೇಳಿದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದುಬಿಟ್ಟರು ಅತ್ತೆ, ಕೂರುವುದಕ್ಕೆ ಅಲ್ಲಿ ಒಂದು ಬೆಂಚೂ ಇಲ್ಲದಿದ್ದರೂ. ಮಕ್ಕಳು ನೆಲದ ಮೇಲೇ ಕೂತರು.

ಅತ್ತೆ ರಂಗೋಲಿಯ ಹಾಲ್ ದಾಟಿದರು. ಕೋಣೆ ದಾಟಿದರು. ಬಚ್ಚಲಿಗೆ ಹೋಗಿ ತಿರುಗುವಾಗ ವಾಕರಿನ ಕಾಲು ಬಿಳಿಗೆರೆಯ ಮೇಲೆ ಹೋಗಿ ನಿಂತಿತು. ಸೊಸೆಯ ಮುಖ ಬಾಡಿತು.

"ಗೋಡೆ ಒಡೆದ್ಬುಟ್ಟೆ ಕಣಮ್ಮ" ಎಂದರು ಅತ್ತೆ.

ಇಡೀ ಅಂಗಳ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕಿದ್ದು ಅವರೇ. ಅಲ್ಲಿಂದ ಮುಂದೆ ತರಗತಿ ನನ್ನ ಕೈಯಲ್ಲಿ ಉಳಿಯಲಿಲ್ಲ.

"ಪೊರಕೆ ಯಾರ ಹತ್ರ ಇದೆ? ಈ ಗೆರೆ ಅಳಿಸಿ ಒಂದಡಿ ಆಚೆಗೆ ಹಾಕ್ರಪ್ಪ."

"ಅಡುಗೆಮನೆ ಚಿಕ್ಕದಾಗುತ್ತೆ ಅಜ್ಜಿ" ಎಂದ ಒಬ್ಬ.

"ಆಗ್ಲಿ ಬುಡು. ಆ ಮೂಲೇಲಿ ಇರೋದು ಹಳೇ ಪೇಪರ್ ರಾಶಿ."

ಆಮೇಲೆ ತಮ್ಮ ಹಾಸಿಗೆಯ ಚೌಕದೊಳಗೆ ನಿಂತು ಕೇಳಿದರು: "ಇಲ್ಲಿ ಮಲಗಿದ್ರೆ ನಂಗೆ ಏನ್ ಕಾಣುತ್ತೆ?" ಸೊಸೆ ನಕ್ಷೆ ನೋಡಿ, "ಗೋಡೆ, ಅತ್ತೆ" ಅಂದಳು. ಹಾಸಿಗೆಯನ್ನು ಕಿಟಕಿಯ ಕಡೆ ತಿರುಗಿಸಬೇಕಂತೆ, ಮೊಮ್ಮಗಳ ಸ್ಕೂಲ್ ವ್ಯಾನ್ ಬಂದದ್ದು ಕಾಣಬೇಕಂತೆ.

"ಇದನ್ನ ಯಾವತ್ತೂ ಹೇಳ್ಲೇ ಇಲ್ವಲ್ಲ ಅತ್ತೆ."

"ನಂಗೂ ಇಲ್ಲಿ ನಿಂತ ಮೇಲೇ ಗೊತ್ತಾಗಿದ್ದು ಕಣಮ್ಮ."

ತಾಯಿಯನ್ನು ಕರೆದೊಯ್ಯಲು ಬಂದ ಮಗ ಒಂದು ಬದಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಮನೆಯನ್ನು ನಿಜವಾಗಿ ಬದಲಿಸಲು ಅವನೂ ಒಪ್ಪಿದ; ಬೇಸಿಗೆ ರಜೆಯಲ್ಲಿ ದಟ್ಟಗಳ್ಳಿಯಲ್ಲಿ ಕೆಲಸ ಶುರುವಾಗಿಯೇಬಿಟ್ಟಿತು. ನನ್ನ ತರಗತಿಗೆ ಅದೇ ನಿರ್ಮಾಣದ ಪಾಠವಾಯಿತು. ಬಚ್ಚಲಿನ ಬಾಗಿಲಿದ್ದದ್ದು ಭಾರ ಹೊರುವ ಗೋಡೆಯಲ್ಲಿ. ಬಾಗಿಲು ಅಗಲ ಮಾಡಬೇಕಾದರೆ ಮೇಲಿನ ಛಾವಣಿಗೆ ಕಬ್ಬಿಣದ ಕಂಬಗಳ ಆಸರೆ ಕೊಟ್ಟು, ಬಾಗಿಲಿನ ತಲೆಯ ಮೇಲೆ ಗೋಡೆ ಹೊರುವ ಹಳೆಯ ಲಿಂಟಲ್ ತೊಲೆ ತೆಗೆದು ಉದ್ದನೆಯದನ್ನು ಕೂರಿಸಬೇಕು. ಹಳೆಯದನ್ನು ಎಳೆಯುವಾಗ ಗಾರೆ ಪುಡಿಪುಡಿಯಾಗಿ ಉದುರಿತು. ಸೊಸೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟು ವರ್ಷ ಕಲಿಸಿದರೂ ಆ ಗಳಿಗೆಯಲ್ಲಿ ನನ್ನ ಕಣ್ಣೂ ಛಾವಣಿಯ ಮೇಲೇ ಇರುತ್ತದೆ.

ಮನೆಯಂಗಳದಲ್ಲಿ ಕುರ್ಚಿ ಹಾಕಿಕೊಂಡಿದ್ದ ಅತ್ತೆ ಮಾತ್ರ ಮಕ್ಕಳನ್ನು ಬಿಡಲಿಲ್ಲ. "ಹಂಗಾದ್ರೆ ಈಗ ಛಾವಣಿ ಭಾರ ಯಾರು ಹೊತ್ತಿದಾರೆ? ಹೇಳಿ ನೋಡೋಣ."

"ಕಂಬಗಳು ಅಜ್ಜಿ!"

"ಎಲ್ಲಾ ಕಂಬಾನೂ ಒಂದೇ ಸಮ ಹೊತ್ತಿದಾವಾ?"

ಮಕ್ಕಳು ತಲೆ ಕೆರೆದುಕೊಂಡು ಲೆಕ್ಕ ಹಾಕತೊಡಗಿದರು. ಛಾವಣಿ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ಕೆಲಸ ಮುಗಿದ ಕೆಲವು ದಿನಗಳಿಗೆ ಅವಳು ತರಗತಿಗೆ ತಡವಾಗಿ ಬಂದಳು. ಕಣ್ಣು ಕೆಂಪಾಗಿತ್ತು. ಏನಾಯಿತೆಂದು ಗಾಬರಿಯಿಂದ ಕೇಳಿದೆ.

"ಬೆಳಿಗ್ಗೆ ಅತ್ತೆ ಒಳಗಡೆ ಹೋಗಿ ಬಾಗಿಲು ಹಾಕ್ಕೊಂಡ್ರು ಮೇಡಂ. ನಾನು ಆಚೆ ನಿಂತೇ ಇದ್ದೆ. ಕರೀಲೇ ಇಲ್ಲ. ನೀರು ಹುಯ್ಕೊಳ್ಳೋ ಶಬ್ದ, ಆಮೇಲೆ ಏನೋ ಹಾಡು ಗುನುಗ್ತಾ ಇದ್ರು."

ಅವಳೀಗ ಕೊನೆಯ ವರ್ಷದಲ್ಲಿದ್ದಾಳೆ. ಹೋದ ತಿಂಗಳು ಅತ್ತೆಯ ಜೊತೆ ಕೆಲಸ ಮಾಡಿದ್ದ ಟೀಚರಮ್ಮ ಒಬ್ಬರು ಕುಂಬಾರಕೊಪ್ಪಲಿನಿಂದ ಅವರ ಮನೆಗೆ ಬಂದಿದ್ದರಂತೆ. ಬಚ್ಚಲು, ಕಿಟಕಿ, ಹಾಸಿಗೆ ಎಲ್ಲ ನೋಡಿ, ಮಂಡಿನೋವಿನ ತಮ್ಮ ಯಜಮಾನರಿಗೂ ಏನಾದರೂ ಮಾಡಿಕೊಡಲಾದೀತೇ ಎಂದು ಕೇಳಿದರಂತೆ. ಶನಿವಾರ ಅವಳು ಅಳತೆ ಟೇಪು ಹಿಡಿದು, ಕಾಲೇಜಿನ ಕಿರಿಯರಿಬ್ಬರನ್ನು ಕರೆದುಕೊಂಡು ಕುಂಬಾರಕೊಪ್ಪಲಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಯಜಮಾನರು ತಮಗೇನೂ ಬೇಡ, ಇದ್ದ ಹಾಗೇ ಸರಿ ಎಂದು ಗೊಣಗುತ್ತಿದ್ದರು. ಅವಳು ಟೇಪು ಬಿಚ್ಚಲೇ ಇಲ್ಲ. ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು, "ಬೆಳಿಗ್ಗೆ ಎದ್ದ ತಕ್ಷಣ ಮೊದಲು ಎಲ್ಲಿಗೆ ಹೋಗ್ತೀರಿ ಅಂಕಲ್?" ಎಂದು ಮಾತು ಶುರುಮಾಡಿದಳು.